ಸೇಸಪ್ಪಣ್ಣನ ಎಲ್ಮ್ ಮರ

ಕೊಲ್ಲಿ ನಾಡಿನ ರುಮೈಥಿಯಾದಲ್ಲಿ ದೊಡ್ಡ ಮನೆಯೊಂದರ ತೋಟ ನೋಡಿಕೊಳ್ಳುವ ಸೇಸಪ್ಪಣ್ಣ ಪುತ್ತೂರು ಕಡೆಯವರು, ನನ್ನ ಶುಕ್ರವಾರದ ಊಟದ ಗೆಳೆಯ. ಹಾವಿಗೂ ಹೆದರದ ಮನುಷ್ಯ ಎರಡು ವರ್ಷದಿಂದ ಒಂದು ಮರಕ್ಕೆ ಹೆದರಿ ಬದುಕುತ್ತಿದ್ದಾರೆ.

ಅದು ಎಲ್ಮ್, ನಮ್ಮ ತಪಸಿ ಮರದ ದೂರದ ನೆಂಟ. ಯುರೋಪಿನಲ್ಲಿ ಈ ಜಾತಿಯನ್ನು ಒಂದು ಬೂಷ್ಟು ರೋಗ ಊರೂರೇ ಬೋಳಿಸಿತಂತೆ. ತೊಗಟೆ ಕೊರೆಯುವ ದುಂಬಿ ರೋಗವನ್ನು ಹೊತ್ತು ತರುತ್ತದೆ. ಒಳಗೆ ನೀರು ಏರುವ ದಾರಿ ಕಟ್ಟಿ, ತುದಿಯಿಂದ ಎಲೆ ಬಾಡುತ್ತ ಬರುತ್ತದೆ. ಸೇಸಪ್ಪಣ್ಣನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಹಾಲೆಂಡಿನಿಂದ ತರಿಸಿದ್ದು ಎರಡು ಜಾತಿ ಕೂಡಿಸಿ ಮಾಡಿದ, ಆ ರೋಗವನ್ನು ತಡೆದುಕೊಳ್ಳುವ ತಳಿ. ನೆಟ್ಟ ದಿನ ಅವರು, ಈ ಮರ ಇರುವವರೆಗೆ ನಿನ್ನ ಇಕಾಮಾವೂ, ಈ ದೇಶದಲ್ಲಿರುವ ಪರವಾನಗಿಯೂ, ಇರುತ್ತದೆ ಎಂದಿದ್ದರು. ನಕ್ಕೇ ಹೇಳಿದ್ದು. ಆದರೆ ಕಫೀಲ್ ನಕ್ಕು ಹೇಳಿದ್ದನ್ನು ನಾವು ಯಾರೂ ನಕ್ಕು ಕೇಳುವುದಿಲ್ಲ.

ಈ ಜುಲೈಯಲ್ಲಿ ಕಫೀಲ್ ಲಂಡನ್ನಿಗೆ ಹೋದರು, ಇಲ್ಲಿ ತುದಿಯ ಎಲೆ ಹಳದಿಯಾಯಿತು. ಇಕಾಮಾ ಮುಗಿಯುವುದು ಸೆಪ್ಟೆಂಬರಿನಲ್ಲಿ.

ರಾಯ್ ಎಂಬ ಪೇಟೆಯ ಸೋಫಾ ಅಂಗಡಿಯವನಾದ ನನಗೆ ಗೊತ್ತಿರುವುದು ಮರ ಸತ್ತ ಮೇಲಿನ ಕಥೆ ಮಾತ್ರ. ಆದರೂ ಮೊಬೈಲಿನಲ್ಲಿ ಹುಡುಕಿ, ತಡೆದುಕೊಳ್ಳುತ್ತದೆ ಎಂದರೆ ತಗಲುವುದೇ ಇಲ್ಲ ಎಂದಲ್ಲ ಅಂತ ಓದಿ ಹೇಳಿದೆ. ಆ ಶುಕ್ರವಾರ ಸೇಸಪ್ಪಣ್ಣ ಊಟ ಮಾಡಲಿಲ್ಲ. ಆಮೇಲೆ ನೊಣ ಕೂತರೂ ದುಂಬಿಯಂತೆ ಕಂಡಿತು. ದಿನಾ ನೀರು ಹೆಚ್ಚಿಸಿದರು, ಎಲೆ ಇನ್ನೂ ಉದುರಿತು.

ಕೊಂಬೆ ಕೊಯ್ದು ನೋಡಿದರೆ ರೋಗವಿದ್ದಲ್ಲಿ ಕಂದು ಚುಕ್ಕೆ ಕಾಣುತ್ತದೆ ಎಂದೂ ಓದಿದೆ.

"ಕೊಯ್ದ ಗಾಯಕ್ಕೆ ದುಂಬಿ ಬರ್ತದೆ ಅಂತ ಓದಿದ್ದೂ ನೀನೇ ಅಲ್ವಾ?"

"ಹೌದು."

"ಇನ್ನು ಎಂತದೂ ಓದ್ಬೇಡ ಮಾರಾಯ."

ಕಫೀಲ್ ಬರುವ ಹಿಂದಿನ ದಿನ ಬೇರೆ ದಾರಿ ಇಲ್ಲದೆ ಸೇಸಪ್ಪಣ್ಣ ಏಣಿ ಹತ್ತಿದರು. ಕೆಳಗೆ ಏಣಿ ಹಿಡಿದಿದ್ದವನು ನಾನು. ಕೊಯ್ದ ಕಟ್ಟಿಗೆ ಬೆಳ್ಳಗಿತ್ತು, ಒಂದು ಚುಕ್ಕೆಯೂ ಇಲ್ಲ. ಇಳಿದು ಬುಡದಲ್ಲಿ ಕೂತವರು ಮಣ್ಣಿನ ಮೇಲಿದ್ದ ಬಿಳಿ ಪದರವನ್ನು ಬೆರಳಿಗೆ ತಾಗಿಸಿ ನೆಕ್ಕಿದರು. ಉಪ್ಪು. ಬರೀ ಬಿಸಿಲಿಗೆ ಹಳದಿಯಾಗಿದ್ದ ಮರಕ್ಕೆ ಅಡುಗೆಮನೆಯ ಸಿಹಿನೀರು ಸಾಲದೆಂದು, ಹೆದರಿಕೆಯಲ್ಲಿ, ಖರ್ಜೂರದ ಗಿಡಗಳ ಸವಳು ನೀರಿನ ಪೈಪನ್ನೂ ಇದಕ್ಕೆ ತಿರುಗಿಸಿದ್ದರು.

ರೋಗ ಎಂದೇ ಹೇಳಿಬಿಡಿ, ರೋಗಕ್ಕೆ ಯಾರು ಏನು ಮಾಡಲಾದೀತು ಎಂದೆ.

"ರೋಗ ಅಂದ್ರೆ ಕಡಿಸಿ ಸುಡ್ತಾರೆ. ಮರ ಹೋದ್ರೆ ನಾನೂ ಖಲಾಸ್."

ಮರುದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಕಫೀಲ್ ಮರಕ್ಕೆ ಸುತ್ತು ಹಾಕಿದರು. ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ಸೇಸಪ್ಪಣ್ಣ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಮಂಗಳೂರಲ್ಲಿ ಇಳಿದಿದ್ದರು. ಕೊನೆಗೆ ಕಫೀಲ್, ಇನ್ನು ಸಿಹಿನೀರು ಮಾತ್ರ ಎಂದು ಒಳಗೆ ಹೋದರು.

ಇಕಾಮಾ ಮುಂದುವರಿಯಿತು. ಇಷ್ಟು ಉಪ್ಪು ಕುಡಿದೂ ಬದುಕಿದ ಮರ ಗಟ್ಟಿ ಎಂದು ಕಫೀಲ್ ಅಂಥದ್ದೇ ಇನ್ನೂ ನಾಲ್ಕು ತರಿಸುತ್ತಿದ್ದಾರೆ. ಸೇಸಪ್ಪಣ್ಣ ಸವಳು ನೀರಿನ ನಳ್ಳಿಯ ಹಿಡಿಯನ್ನು ಸಂಜೆ ಸಂಜೆ ಬಿಚ್ಚಿ, ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾರೆ.