ಮಾರಿಕಣಿವೆ ಗುಡ್ಡದ ವಧುಪರೀಕ್ಷೆ

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಡ್ರಿಲ್ ಟೀಚರ್. ವಯಸ್ಸು ಮೂವತ್ತು ದಾಟಿತ್ತು. ಅಣ್ಣನ ಮನೆಯಲ್ಲಿ ನನ್ನನ್ನು ಯಾರೂ ಭಾರ ಎನ್ನಲಿಲ್ಲ. ಆದರೆ ಊಟಕ್ಕೆ ಕೂತಾಗ ಅಣ್ಣ, ಅತ್ತಿಗೆ, ಮಕ್ಕಳು ತಮ್ಮತಮ್ಮೊಳಗೇ ಮಾತಾಡಿಕೊಂಡು ನಗುತ್ತಿದ್ದರು, ನಾನು ಸಾರು ಬಡಿಸಿಕೊಳ್ಳುತ್ತಿದ್ದೆ. ನನಗೆ ನನ್ನವರು ಅಂತ ಒಬ್ಬರು ಬೇಕಿತ್ತು. ಇದನ್ನು ಹೇಳಲು ಆಗ ನಾಚಿಕೆಯಿತ್ತು, ಈಗಿಲ್ಲ.

ಆ ಕಾರ್ತಿಕದಲ್ಲಿ ದಾವಣಗೆರೆಯ ಓವರ್‌ಸಿಯರ್ ಒಬ್ಬರ ಸಂಬಂಧ ಬಂತು. ಉಪ್ಪಿಟ್ಟು, ಕೇಸರಿಬಾತಿನ ಶಾಸ್ತ್ರ ಬೇಡ, ಭಾನುವಾರ ಕಾರಿನಲ್ಲಿ ಸುತ್ತಾಡಿ ಬರೋಣ, ಗುಡ್ಡ ಸಿಕ್ಕಲ್ಲಿ ಇಳಿದು ಹತ್ತೋಣ ಎಂದು ಅವರೇ ಹೇಳಿ ಕಳಿಸಿದ್ದರು. ಮೊದಲು ಜೋಗಿಮಟ್ಟಿ, ಆಮೇಲೆ ಹಿರಿಯೂರು ದಾಟಿ ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ ಮೇಲೆ ವಾಪಸ್. ಇಂಥ ಗಂಡೂ ಇರುತ್ತಾನಾ ಎಂದು ನನಗೆ ಕುಣಿಯುವಷ್ಟು ಖುಷಿ. ಗುಡ್ಡ ಹತ್ತುವುದು ನನಗೆ ನೀರು ಕುಡಿದಷ್ಟು ಸಲೀಸು.

ಅತ್ತಿಗೆ ಮಾತ್ರ ಎಚ್ಚರಿಸಿದರು. “ಡ್ರಿಲ್ ಅಂತ ಬಾಯಿ ಬಿಡ್ಬೇಡ. ಟೀಚರ್ ಅಂತಷ್ಟೇ ಹೇಳೀವಿ. ಗಂಡುಬೀರಿ ಅನ್ಕಂಡಾರು.” ಸೀರೆ ಉಟ್ಟು ಕ್ಯಾನ್ವಾಸ್ ಶೂ ಹಾಕಿಕೊಂಡದ್ದಕ್ಕೂ ಗೊಣಗಿದರು. ನಾನು ಬಿಚ್ಚಲಿಲ್ಲ.

ಕಾರು ಓಡಿಸಿದವರು ಓವರ್‌ಸಿಯರೇ. ಪಕ್ಕದಲ್ಲಿ ಅಣ್ಣ, ಹಿಂದೆ ಅತ್ತಿಗೆ, ನಾನು. ಜೋಗಿಮಟ್ಟಿಯ ಏರಿನಲ್ಲಿ ಇಂಜಿನ್ ಕಾದು ಕಾರು ನಿಂತಿತು. ಅವರು ಬಾನೆಟ್ ಎತ್ತಿ ನೀರು ಹುಯ್ಯುತ್ತಿದ್ದರೆ, ನಾನು ಅಭ್ಯಾಸಬಲದಿಂದ ಪಕ್ಕದ ದಿಬ್ಬವನ್ನು ಸರಸರ ಹತ್ತಿಬಿಟ್ಟೆ. ಅತ್ತಿಗೆ ಓಡಿಬಂದು ಸೆರಗು ಜಗ್ಗಿದರು.

“ಲೇ, ಅವ್ರಿನ್ನೂ ಕೆಳಗವ್ರೆ, ನೀನು ಮುಂದೆ ಹೊಂಟೆಯಲ್ಲ! ಹೆಣ್ಣಾದವಳು ಅಲ್ಲೊಂದು ಕಡೆ ಇಲ್ಲೊಂದು ಕಡೆ ಕುಂತ್ಕಬೇಕು, ಉಸ್ಸಪ್ಪಾ ಅನ್ಬೇಕು.”

ಪುಣ್ಯಕ್ಕೆ ಬಾನೆಟ್ ಅಡ್ಡವಿತ್ತು, ಅವರು ನೋಡಲಿಲ್ಲ. ಪುಣ್ಯಕ್ಕೆ ಎಂದು ಆಗ ಅಂದುಕೊಂಡೆ.

ಮಾರಿಕಣಿವೆಯಲ್ಲಿ ಅಣ್ಣ, ಅತ್ತಿಗೆ ಬೇಕಂತಲೇ ಅಣೆಕಟ್ಟಿನ ಬಳಿ ಉಳಿದರು. ಪಕ್ಕದ ಗುಡ್ಡಕ್ಕೆ ನಾವಿಬ್ಬರೇ ಹೊರಟೆವು. ಅವರು ಚೆನ್ನಾಗಿ ಹತ್ತುತ್ತಿದ್ದರು, ಅವಸರವಿಲ್ಲ, ಆಯಾಸವಿಲ್ಲ. ನನ್ನ ಕಾಲು ತಾನಾಗಿಯೇ ಅವರ ಹೆಜ್ಜೆಗೆ ಕೂಡಿಕೊಳ್ಳುತ್ತಿತ್ತು. ಹಾಗೇ ಬಿಟ್ಟಿದ್ದರೆ ಇಬ್ಬರೂ ಒಟ್ಟಿಗೆ ತುದಿ ಮುಟ್ಟುತ್ತಿದ್ದೆವು. ನಾನೇ ಕಾಲನ್ನು ತಡೆದೆ. ಅರ್ಧ ಏರಿನಲ್ಲಿ ಬಂಡೆಯ ಮೇಲೆ ಕುಸಿದು ಕೂತು ಉಸ್ಸಪ್ಪಾ ಎಂದೆ. ನಾಟಕ ಕಂಪನಿಯವರು ಕರೆದು ಕೆಲಸ ಕೊಡಬೇಕು, ಹಾಗೆ ಏದುಸಿರು ಬಿಟ್ಟೆ.

“ಇನ್ನೊಂಚೂರೇ. ತುದೀಲಿ ನೀರು ಪೂರ್ತಿ ಕಾಣ್ತದೆ. ಹೋಗಾಣ?” ಎಂದರು.

“ನೀವು ಹೋಗಿ ಬರ್ರಿ. ನನ್ ಕೈಲಾಗಲ್ಲ.”

ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಬ್ಬರೇ ಹೋದರು.

ಅಲ್ಲೇ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ ತನ್ನ ಕಂಬಳಿ ಹಾಸಿದಳು. “ಕುಂತ್ಕಳ್ರಮ್ಮ, ಬಂಡೆ ಸುಡ್ತೈತೆ.” ಅವರು ಇಳಿದು ಬಂದಾಗ ಅವರನ್ನೂ ಅದೇ ಕಂಬಳಿಯ ಮೇಲೆ ಕೂರಿಸಿದಳು. ಕುರಿಯವರು ಕಂಬಳಿ ಹಾಸಿದರೆ ಒಲ್ಲೆ ಎನ್ನುವಂತಿಲ್ಲ. ಹೊರಡುವಾಗ ತನ್ನ ಸೆರಗಿನ ಗಂಟು ಬಿಚ್ಚಿ ಹಸಿ ಶೇಂಗಾ ಬೊಗಸೆ ತುಂಬ ತೆಗೆದಳು. “ಉಡಿ ಒಡ್ರಮ್ಮ. ಜೋಡಿ ಬಂದೀರಿ, ಮುತ್ತೈದೇನ ಹಂಗೇ ಕಳಿಸಬಾರದು.”

ಕಾಲುಂಗುರ ಇದೆಯೇ ಎಂದು ನೋಡಲು ಅವಳಿಗೆ ಶೂ ಅಡ್ಡ. ಮದುವೆಯಾಗದವಳು ಹಾಗೆ ಉಡಿ ಒಡ್ಡುವಂತಿಲ್ಲ. ನಾನು ಅವರ ಮುಖ ನೋಡಿದೆ. ಅವರು ಅಲ್ಲ ಎನ್ನಲಿಲ್ಲ, ಮೆಲ್ಲಗೆ ನಕ್ಕರು. ನಾನು ಸೆರಗೊಡ್ಡಿದೆ.

ಹೊಸದುರ್ಗ ಬಂತು, ಹೊಳಲ್ಕೆರೆ ಬಂತು. ಮಡಿಲಲ್ಲಿದ್ದ ಶೇಂಗಾದಲ್ಲಿ ಒಂದನ್ನೂ ಸುಲಿಯಲಿಲ್ಲ. ಕಿಟಕಿಯಾಚೆಯ ಗುಡ್ಡಗಳನ್ನು ನೋಡುತ್ತ, ಮದುವೆಯಾದ ಮೇಲೆ ಇದನ್ನು ಹತ್ತಬೇಕು, ಅದನ್ನು ಹತ್ತಬೇಕು, ಆಗ ತೋರಿಸುತ್ತೇನೆ ಇವರಿಗೆ ಎಂದು ಲೆಕ್ಕ ಹಾಕುತ್ತಿದ್ದೆ.

ವಾರದೊಳಗೆ ಸಂಬಂಧ ತಂದವರೇ ಬಂದು ಜಗಲಿಯಲ್ಲಿ ಕೂತರು. “ಹುಡುಗಿ ಮನಸ್ಸಿಗೆ ಬಂದಿದ್ಲಂತೆ. ಆದ್ರೆ ಅವರಿಗೆ ಗುಡ್ಡ ಸುತ್ತೋ ಹುಚ್ಚು ನೋಡ್ರಿ, ಜೊತೆಗೆ ಹತ್ತೋರು ಬೇಕಂತೆ. ಈಕೆಗೆ ಉಸಿರು ಸಾಲದು, ಎದೆ ಕಾಯಿಲೆ ಏನಾರ ಐತೇನೋ, ತೋರಿಸ್ರಿ ಅಂದ್ರು.”

ಒಳಗೆ ನಿಂತು ಕೇಳಿಸಿಕೊಂಡ ನನಗೆ ಮೊದಲು ನಗು ಬಂತು. ಆಮೇಲೆ ದಿಂಬಿಗೆ ಮುಖ ಒತ್ತಿ ಅತ್ತೆ. ನಿಜ ಹೇಳಿ ಬರುತ್ತೇನೆಂದು ಅಣ್ಣ ಚಪ್ಪಲಿ ಮೆಟ್ಟಿದ. ನಾನೇ ಬೇಡವೆಂದೆ. ಏನೆಂದು ಹೇಳುವುದು? ತಂಗಿ ನಾಟಕವಾಡಿದಳು, ಈಗ ಓಡಿ ತೋರಿಸುತ್ತಾಳೆ ಎಂದೇ? ಮಾನ ಅಡ್ಡ ಬಂತು. ಅತ್ತಿಗೆ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಪಾಪ, ಅವರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು, ಆದರೂ ಬಹಳ ದಿನ ಅವರ ಮೇಲೆ ಸಿಟ್ಟಿತ್ತು.

ಮುಂದಿನ ಭಾನುವಾರ ಯಾರಿಗೂ ಹೇಳದೆ ಹಿರಿಯೂರು ಬಸ್ಸು ಹತ್ತಿದೆ. ಅದೇ ಗುಡ್ಡ. ಎಲ್ಲೂ ಕೂರಲಿಲ್ಲ. ಅರ್ಧ ಏರಿನಲ್ಲಿ ಕುರಿಯವಳು ಎದುರಾದಳು.

“ಒಬ್ರೇ ಬಂದ್ರೇನಮ್ಮ? ಯಜಮಾನ್ರೆಲ್ಲಿ?”

ನಿಜ ಹೇಳುವಷ್ಟು ಉಸಿರು ನನ್ನಲ್ಲಿತ್ತು.

“ಹಿಂದೆ ಬರ್ತಾ ಅವ್ರೆ” ಎಂದೆ.

ತುದಿಯಲ್ಲಿ ನೀರು ಪೂರ್ತಿ ಕಂಡಿತು, ಅವರು ಹೇಳಿದ ಹಾಗೇ. ನೋಡು ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಬಿಸಿಲು ಇಳಿಯುವವರೆಗೆ ಕೂತಿದ್ದು ಕೆಳಗೆ ಬಂದೆ. ಅವಳು ಕಂಬಳಿ ಹಾಸಿ, ತಾನು ಅದರ ಮೇಲೆ ಕೂರದೆ, ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದಳು.

“ಇನ್ನೂ ಕಾಣ್ಲಿಲ್ವಲ್ಲಮ್ಮ” ಎಂದಳು.

ನಾನು ಆ ಕಂಬಳಿಯ ಒಂದು ತುದಿಯಲ್ಲಿ ಕೂತು, ಅವಳ ಜೊತೆ ದಾರಿ ನೋಡಿದೆ.