ಬೀಗದಕೈ ಮೇಲಿನ ನಾಲ್ಕು ಅಂಕಿ

ಬೀಗದ ಮಾಮ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಮೂವತ್ತೆಂಟು ವರ್ಷ ಅರದಿಂದ ಬೀಗದಕೈ ಉಜ್ಜಿದವನು. ಎಷ್ಟೋ ಮನೆಗಳ ಬೀಗದಕೈ ಅವನ ಕೈ ದಾಟಿಹೋಗಿದ್ದವು. ಒಂದರ ನಕಲನ್ನೂ ತನಗಂತ ಇಟ್ಟುಕೊಂಡವನಲ್ಲ. ಇಂಥವನ ಪರ್ಸನ್ನೇ ಹೊಡೆಯಬೇಕೇ ಆ ದರಿದ್ರದ ಕಳ್ಳ, ಅದೂ ತುಂಬಿದ ಬಸ್ಸಿನಲ್ಲಿ!

ಪರ್ಸಿನಲ್ಲಿದ್ದದ್ದು ಡೆಬಿಟ್ ಕಾರ್ಡು. ಕ್ರೆಡಿಟ್ ಕಾರ್ಡು ಮಾಡಿಸು ಅಂತ ಮಗಳು ಬಡಕೊಂಡಿದ್ದೇ ಬಂತು. "ಸಾಲದ ಕಾರ್ಡು ನಂಗ್ಯಾಕೆ? ನನ್ನ ದುಡ್ಡು ನನ್ನ ಜೇಬಲ್ಲಿರ್ಲಿ" ಎಂದು ಇವನು ಕಿವಿಗೇ ಹಾಕಿಕೊಂಡಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲೇ ಇತ್ತು. ಎಡಗಣ್ಣು ಆಗಲೇ ಮಂಕಾಗಿತ್ತು, ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಚೀಟಿಯಲ್ಲಿ ಬರೆದ ಪಿನ್ ಕಾಣದೆ, ನಮ್ಮ ಜಾಣ ತನ್ನ ಕಸುಬಿನದೇ ಉಪಾಯ ಹೂಡಿದ್ದ: ಹಲ್ಲು ಕೊರೆಯದ ಹಿತ್ತಾಳೆ ಬೀಗದಕೈಯೊಂದರ ಮೇಲೆ, ಬೆರಳಿಗೆ ತಿಳಿಯುವ ಹಾಗೆ ನಾಲ್ಕೂ ಅಂಕಿ ಅಚ್ಚು ಹೊಡೆದು ಕಾರ್ಡಿನ ಜೊತೆಗೇ ಇಟ್ಟಿದ್ದ. ಅಯ್ಯೋ ಮಾರಾಯ!

ಪರ್ಸು ಅಂಗಡಿಯಲ್ಲೇ ಎಲ್ಲೋ ಬಿದ್ದಿರಬೇಕೆಂದು ಎರಡು ದಿನ ತಡಕಾಡಿದ. ಅಷ್ಟರಲ್ಲಿ ಕಳ್ಳ ಖಾತೆ ಗುಡಿಸಿ ಹಾಕಿದ್ದ.

ಬ್ಯಾಂಕಿನ ಹುಡುಗಿ ಒಳ್ಳೆಯವಳೇ. "ಕ್ರೆಡಿಟ್ ಕಾರ್ಡಾಗಿದ್ರೆ ಬಿಲ್ಲು ಕಟ್ಟೋಕ್ಮುಂಚೆ ತಕರಾರು ಹಾಕ್ಬೋದಿತ್ತು ಯಜಮಾನ್ರೇ. ಇದ್ರಲ್ಲಿ ಹೋಗಿರೋದು ನಿಮ್ಮದೇ ದುಡ್ಡು. ಆದ್ರೂ ಅರ್ಜಿ ಹಾಕೋಣ. ಪಿನ್ ಎಲ್ಲೂ ಬರೆದಿಟ್ಟಿರ್ಲಿಲ್ಲ ತಾನೆ? ಬರೆದಿಟ್ಟಿದ್ರೆ ಯಾವ ಕಾರ್ಡಾದ್ರೂ ನಷ್ಟ ನಿಮ್ಮ ತಲೆ ಮೇಲೇ."

ಮೇಜಿನ ಕೆಳಗೆ ಮಗಳು ತೊಡೆ ಚಿವುಟಿದಳು. "ಇಲ್ಲ ಅನ್ನಪ್ಪ" ಎಂದು ಪಿಸುಗುಟ್ಟಿದಳು.

ಮಾಮ ಮಗಳ ಕೈ ಸರಿಸಿದ. "ಬರೆದಿರ್ಲಿಲ್ಲಮ್ಮ. ಅಚ್ಚು ಹೊಡೆದಿಟ್ಟಿದ್ದೆ."

ಹುಡುಗಿ ಪೆನ್ನು ಕೆಳಗಿಟ್ಟಳು.

ಹೊರಗೆ ಬಂದದ್ದೇ ಮಗಳು ಅತ್ತುಬಿಟ್ಟಳು. "ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?"

"ಬೀದಿಯೋರೆಲ್ಲ ನಂಬಿ ಬೀಗದಕೈ ಕೊಡ್ತಾರಲ್ಲೇ ನಂಗೆ."

"ಕಣ್ಣೇ ಹೋದ್ಮೇಲೆ ಯಾರು ಕೊಡ್ತಾರೆ?"



ಮುಂದಿನ ವಾರ ಮೇಲಿನ ಮನೆಯಾಕೆ ಅವನೇ ಮಾಡಿಕೊಟ್ಟ ಹೊಸ ಬೀಗದಕೈ ವಾಪಸು ತಂದಳು. "ಮಾಮ, ಇದು ಬೀಗದಲ್ಲಿ ತಿರುಗ್ತಾನೇ ಇಲ್ಲ ನೋಡಿ."

ಅವನು ಬೆರಳಾಡಿಸಿದ. ಹಲ್ಲು ತಪ್ಪು ಜಾಗದಲ್ಲಿ ಬಿದ್ದಿತ್ತು. ಡಬ್ಬಿ ತಡವಿ ಅವಳ ದುಡ್ಡು ಮರಳಿಸಿ, ಎದುರಿನ ಮೆಷಿನ್ ಅಂಗಡಿಗೆ ಹೋಗಲು ಹೇಳಿದ.

"ಇಷ್ಟೇ ತಾನೆ, ನೀವೇ ಸ್ವಲ್ಪ ಉಜ್ಜಿ ಕೊಡಿ ಮಾಮ. ನಂಗೇನು ಅವಸರ ಇಲ್ಲ."

"ಕಾಣಲ್ಲಮ್ಮ" ಎಂದ. ಮೂವತ್ತೆಂಟು ವರ್ಷದಲ್ಲಿ ಗಿರಾಕಿಯೊಬ್ಬರಿಗೆ ಅವನು ಈ ಮಾತು ಹೇಳಿದ್ದು ಅದೇ ಮೊದಲು.