ಟಿವಿಯ ಕೆಟ್ಟ ಅತ್ತೆ

ಧಾರಾವಾಹಿಯಲ್ಲಿ ವರ್ಷಗಟ್ಟಲೆ ಸೊಸೆಯನ್ನು ಕಾಡಿದ ಅಂಜನಾಬಾಯಿ ನಟನೆ ಬಿಟ್ಟು ಜಮಖಂಡಿಗೆ ಮರಳಿ, ಗಂಡನ ಮನೆಯವರ ಕಾಟಕ್ಕೆ ನೊಂದ ಹೆಣ್ಣುಮಕ್ಕಳಿಗೆ ಆಶ್ರಯಮನೆ ತೆರೆದರು. ಆದರೂ ಊರಿಗೆ ಅವರಿನ್ನೂ ಕೆಟ್ಟ ಅತ್ತೆಯೇ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಯಾರಾದರೂ ತಡೆದು, "ಆ ಬಡಪಾಯಿ ಸೊಸೀನ ಅಷ್ಟ್ಯಾಕ ಕಾಡಿದ್ರಿ?" ಎಂದು ಜಗಳ ತೆಗೆಯುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಆದರೂ ಚೀಲ ಕೆಳಗಿಟ್ಟು, "ತಪ್ಪಾತವ್ವಾ" ಎನ್ನುತ್ತಾರೆ. "ಅದು ಬರೇ ನಾಟಕ ಅಂತ ಹೇಳಬಾರದೇನ್ರಿ?" ಎಂದು ಆಶ್ರಯಮನೆಯ ಅಡುಗೆಯ ಲಗಮವ್ವ ರೇಗುತ್ತಾಳೆ. "ಹೇಳಿದ್ರ ನಕ್ಕು ಹೋಗಿಬಿಡ್ತಾರ. ಬೈಯಾಕ ಬಿಟ್ರ, ಆಮ್ಯಾಲ ತಮ್ಮ ಮನಿ ಸುದ್ದಿ ಹೇಳ್ತಾರ." ಮೊನ್ನೆ ಮುಧೋಳದಿಂದ ಬರುವ ಬಸ್ಸಿನಲ್ಲಿ ಹಾಗೇ ಬೈಯುತ್ತಿದ್ದ ಹುಡುಗಿ ನಡುವೆಯೇ ಮಾತು ನಿಲ್ಲಿಸಿ, ಸೆರಗು ಸರಿಸಿ ಸುಟ್ಟ ತೋಳು ತೋರಿಸಿದಳು. ಅವಳ ಗಂಡನ ಊರು ಬರುವ ಮೊದಲೇ ಅಂಜನಾಬಾಯಿ ಕಂಡಕ್ಟರನನ್ನು ಕರೆದು, "ಈಕಿಗೂ ಜಮಖಂಡಿಗೆ ಟಿಕೀಟು ಕೊಡ್ರಿ" ಎಂದರು.